ಕಾಫಿ ಕುಯ್ಲಿಗೆ ಎಟಿವಿ: ಹೊಸದೋ, ಸೆಕೆಂಡ್ ಹ್ಯಾಂಡೋ, ಇಲ್ಲ ಹಳೇ ಜೀಪೇ ಸಾಕೋ?

ಬಣಕಲ್ ತೋಟ:

ಎಲ್ಲರಿಗೂ ನಮಸ್ಕಾರ. ಬಣಕಲ್ ಹತ್ತಿರ ನಮ್ಮದು ಹದಿನಾಲ್ಕು ಎಕರೆ ಕಾಫಿ ತೋಟ. ಕೆಳಗೆ ರೊಬಸ್ಟಾ, ಮೇಲೆ ಅರೇಬಿಕಾ, ನಡುವೆ ಒಂದು ಸಣ್ಣ ಹಳ್ಳ. ಮನೆ ಇರುವುದು ಮೇಲಿನ ದಿಣ್ಣೆಯಲ್ಲಿ. ಡಾಂಬರು ರಸ್ತೆಯಿಂದ ಮನೆಗೆ ಮುಕ್ಕಾಲು ಕಿಲೋಮೀಟರ್ ಮಣ್ಣಿನ ದಾರಿ. ಅದರಲ್ಲಿ ಅರ್ಧ ನಮ್ಮದು, ಉಳಿದದ್ದು ಪಂಚಾಯಿತಿ ರಸ್ತೆ.

ಮಳೆಗಾಲದಲ್ಲಿ ದಾರಿ ಹಾಳಾಗುವುದು ಎಲ್ಲರಿಗೂ ಗೊತ್ತು, ಆಗ ಕೆಲಸವೂ ಕಡಿಮೆ. ನನಗೆ ಕಷ್ಟ ಆಗುವುದು ಚಳಿಗಾಲದಲ್ಲಿ. ನವೆಂಬರ್ ಕೊನೆಯಿಂದ ಅರೇಬಿಕಾ ಹಣ್ಣಾಗುತ್ತದೆ. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಶುರು. ಸಿಲ್ವರ್ ಮರಗಳ ನೆರಳಲ್ಲಿ ಇರುವ ಏರಿಗೆ ಬೆಳಿಗ್ಗೆ ಹತ್ತೂವರೆ, ಹನ್ನೊಂದರವರೆಗೆ ಬಿಸಿಲೇ ಬೀಳುವುದಿಲ್ಲ. ಇಬ್ಬನಿ ಬಿದ್ದ ಕೆಂಪು ಮಣ್ಣು ಹಾಗೇ ಜಾರುತ್ತಿರುತ್ತದೆ. ನಡುವೆ ಚಂಡಮಾರುತದ ಮಳೆ ಬಂದರೆ ಕೇಳಲೇಬೇಡಿ. 2021ರ ನವೆಂಬರ್ ಮಳೆಯಲ್ಲಿ ನಮ್ಮ ಪಿಕಪ್ ಕೆಳಗಿನ ಕಣ ದಾಟಿ ಮೇಲೆ ಬರಲೇ ಇಲ್ಲ. ಹಣ್ಣೆಲ್ಲಾ ತಲೆ ಮೇಲೆ ಹೊತ್ತು ಇಳಿಸಬೇಕಾಯಿತು. ಈಗ ಹೊರುವವರೂ ಸಿಗುವುದಿಲ್ಲ.

ಪಿಕಪ್ ಎರಡು ಚಕ್ರದ ಡ್ರೈವ್. ಹಾಗಾಗಿ ಒಂದು ಎಟಿವಿ, ಅಂದರೆ ಬೈಕಿನಂಥ ಹ್ಯಾಂಡಲ್ ಮತ್ತು ಸೀಟು ಇರುವ ನಾಲ್ಕು ಚಕ್ರದ ಸಣ್ಣ ಗಾಡಿ, ತೆಗೆದುಕೊಳ್ಳುವ ಯೋಚನೆ. ಅದರಿಂದ ಮೂರು ಕೆಲಸ ಆಗಬೇಕು. ಕುಯ್ಲು ನಡೆಯುವ ಕಡೆಗೆಲ್ಲಾ ನಾನು ತಕ್ಕಡಿ ಹಿಡಿದು ಓಡಾಡಬೇಕು. ಮೇಲಿನ ತೋಟದ ಮೂಟೆಗಳು ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ ಬರಬೇಕು. ಮೂರನೆಯದು ಅಮ್ಮ. ಅವರಿಗೆ ಮೊಣಕಾಲು ನೋವು, ಮೂಡಿಗೆರೆಗೆ ಡಾಕ್ಟರ ಹತ್ತಿರ ಹೋಗುವ ದಿನ ರಸ್ತೆವರೆಗೆ ಕರೆದುಕೊಂಡು ಹೋಗಬೇಕು.

ಈಗ ಕಣ್ಣ ಮುಂದೆ ಇರುವುದು ಇಷ್ಟು. ಒಂದು ರೆಸಾರ್ಟಿನವರು ಎರಡು ಹಳೆಯ ಎಟಿವಿ ಮಾರುತ್ತಿದ್ದಾರೆ. ಸಾಲ ಮಾಡಿದರೆ ಹೊಸದಕ್ಕೂ ಕೈ ಹಾಕಬಹುದು. ಮೂರನೆಯದು, ನಮ್ಮ ಪರಿಚಯದವರ ಕೆಎ 18 ನಂಬರಿನ ಮಹೀಂದ್ರಾ ಎಂಎಂ 540 ಜೀಪು, ಫೋರ್ ವೀಲ್. ಅದಕ್ಕೆ ವಯಸ್ಸಾಗಿದೆ, ಆದರೆ ಓಡುತ್ತಿದೆ.

ಯೂಟ್ಯೂಬ್ ನೋಡಿದರೆ ಬರೀ ಕೆನಡಾ, ಅಮೆರಿಕದ ವಿಡಿಯೋಗಳು. ಹಿಮ ತಳ್ಳುವ ಬ್ಲೇಡು, ಕೈ ಬೆಚ್ಚಗಿಡುವ ಹ್ಯಾಂಡಲ್, ಇದೇ ಮಾತು. ನಮ್ಮ ಕಡೆ ಓಡಿಸಿದವರು ಇದ್ದರೆ ದಯವಿಟ್ಟು ಹೇಳಿ. ದುಡ್ಡು ಮತ್ತೆ ಮತ್ತೆ ಬರುವುದಲ್ಲ, ಒಂದೇ ಸಲ ಸರಿಯಾದದ್ದು ತೆಗೆದುಕೊಳ್ಳಬೇಕು.

ಆಲ್ದೂರು ಕಡೆಯವನು:

ಅಣ್ಣ, ಬೇರೆಯವರು ಗಾಡಿ ಬಗ್ಗೆ ಹೇಳುತ್ತಾರೆ, ನಾನು ಕಾಗದದ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮ ದೇಶದಲ್ಲಿ ಮಾರುವ ಹೆಚ್ಚಿನ ಎಟಿವಿಗಳಿಗೆ ನೋಂದಣಿ ಆಗುವುದಿಲ್ಲ. ಅವು ಖಾಸಗಿ ಜಾಗದಲ್ಲಿ ಓಡಿಸುವುದಕ್ಕೆ ಮಾತ್ರ. ನಿಮ್ಮ ದಾರಿಯಲ್ಲಿ ಅರ್ಧ ಪಂಚಾಯಿತಿ ರಸ್ತೆ ಅಂದಿರಿ. ಅಲ್ಲಿಗೆ ಇಳಿದ ತಕ್ಷಣ ಅದು ಸಾರ್ವಜನಿಕ ಸ್ಥಳ. ನಂಬರ್ ಇಲ್ಲ, ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇಲ್ಲ. ಯಾರಿಗಾದರೂ ತಾಗಿದರೆ ಪರಿಹಾರ ಪೂರ್ತಿ ನಿಮ್ಮ ತಲೆ ಮೇಲೆ. ತೋಟ ಮಾರಿ ಕಟ್ಟುವ ಪರಿಸ್ಥಿತಿ ಬರಬಹುದು, ಹೆದರಿಸಲು ಹೇಳುತ್ತಿಲ್ಲ.

ಪೊಲಾರಿಸ್ ಕಂಪನಿ ಸ್ಪೋರ್ಟ್ಸ್‌ಮನ್ 570 ಅನ್ನು ಟ್ರ್ಯಾಕ್ಟರ್ ವರ್ಗದಲ್ಲಿ ನೋಂದಣಿ ಆಗುವ ಹಾಗೆ ನಮ್ಮಲ್ಲಿ ತಂದಿತ್ತು. ಅಂಥದ್ದು ಸಿಕ್ಕರೆ ಬೇರೆ ಮಾತು. ಆದರೆ 570 ಅಂತ ಬರೆದಿರುವ ಎಲ್ಲ ಗಾಡಿಯೂ ಆ ಮಾದರಿ ಅಲ್ಲ. ಮಾರುವವರು ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ, ನೋಂದಣಿ ಪತ್ರ ಅಂದರೆ ಆರ್‌ಸಿ ಕೈಗೆ ಕೊಡಲಿ.

ಸೆಕೆಂಡ್ ಹ್ಯಾಂಡ್ ಎಟಿವಿ ಹೊರದೇಶದಿಂದ ಬಂದದ್ದಾದರೆ ಕಸ್ಟಮ್ಸ್ ಸುಂಕ ಕಟ್ಟಿದ ಬಿಲ್ ಆಫ್ ಎಂಟ್ರಿ ಕೇಳಿ. ಅದರಲ್ಲಿರುವ ಚಾಸಿ ನಂಬರ್, ಗಾಡಿಯ ಫ್ರೇಮ್ ಮೇಲೆ ಕೊರೆದಿರುವ ನಂಬರ್ ಎರಡೂ ಒಂದೇ ಇರಬೇಕು. ಇಲ್ಲಿಯೇ ಖರೀದಿಸಿದ್ದಾದರೆ ಮೊದಲ ಇನ್‌ವಾಯ್ಸ್ ಬೇಕು. "ಬಿಲ್ಲು ಎಲ್ಲೋ ಇದೆ, ಹುಡುಕಿ ಕಳಿಸ್ತೀವಿ" ಅಂದರೆ ಅಡ್ವಾನ್ಸ್ ಕೊಡಬೇಡಿ.

ಹಾನುಬಾಳು ತೋಟದಾಕೆ:

ನಮ್ಮ ತೋಟದಲ್ಲಿ ಎಟಿವಿ ಇದೆ. ಕುಯ್ಲಿನ ಕಾಲದಲ್ಲಿ ದಿನಾ ಓಡಿಸುವುದು ನಾನೇ. ಯಜಮಾನರು ಪಲ್ಪರ್ ಮತ್ತು ಕಣ ನೋಡಿಕೊಳ್ಳುತ್ತಾರೆ, ತೋಟದೊಳಗಿನ ಓಡಾಟ ನನ್ನದು. ನಮ್ಮದು ಸಕಲೇಶಪುರ ತಾಲ್ಲೂಕು ಆದರೂ ನಿಮ್ಮ ಜಾಗಕ್ಕೂ ನಮ್ಮ ಜಾಗಕ್ಕೂ ಇಳಿಜಾರಿನಲ್ಲಿ ಅಂಥ ವ್ಯತ್ಯಾಸ ಇಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನೀವು ಹೇಳಿದ ಮೂರು ಕೆಲಸದಲ್ಲಿ ಎಟಿವಿ ಚೆನ್ನಾಗಿ ಮಾಡುವುದು ಒಂದನ್ನೇ, ನಿಮ್ಮ ಓಡಾಟ. ಎರಡನೆಯದನ್ನು ಅರ್ಧಂಬರ್ಧ ಮಾಡುತ್ತದೆ. ಮೂರನೆಯದಕ್ಕೆ ಅದು ಬೇಡವೇ ಬೇಡ.

ಮೊದಲು ಅಮ್ಮನ ವಿಷಯ. ತೋಟದ ಕೆಲಸಕ್ಕೆ ಬರುವ ಎಟಿವಿಗಳಲ್ಲಿ ಹೆಚ್ಚಿನವು ಒಬ್ಬರೇ ಕೂರುವುದಕ್ಕೆ ಮಾಡಿದ್ದು. ಸೀಟು ಉದ್ದ ಇರುತ್ತದೆ, ನಿಜ. ಅದು ಓಡಿಸುವವರು ಹಿಂದೆ ಮುಂದೆ ಸರಿದು ಭಾರ ಹೊಂದಿಸಿಕೊಳ್ಳಲಿ ಅಂತ. ಏರು ಹತ್ತುವಾಗ ಮುಂದೆ ಬಾಗಬೇಕು, ಇಳಿಯುವಾಗ ಹಿಂದೆ ಸರಿಯಬೇಕು, ಅಡ್ಡ ಇಳಿಜಾರಿನಲ್ಲಿ ಮೇಲಿನ ಪಕ್ಕಕ್ಕೆ ಮೈ ಒಗೆಯಬೇಕು. ಹಿಂದೆ ಇನ್ನೊಬ್ಬರು ಕೂತರೆ ಇದು ಯಾವುದೂ ಆಗುವುದಿಲ್ಲ. ಮೊಣಕಾಲು ನೋವಿರುವವರು ಜಾರುವ ಏರಿನಲ್ಲಿ ಕಾಲು ಬಿಗಿಹಿಡಿದು ಕೂರುವುದೂ ಕಷ್ಟ. ಅವರಿಗೆ ಬಾಗಿಲು, ಸೀಟು, ಹಿಡಿಯಲು ಕಂಬಿ ಇರುವ ಗಾಡಿ ಬೇಕು. ಇದೊಂದು ವಿಷಯದಲ್ಲಿ ದಯವಿಟ್ಟು ರಾಜಿ ಮಾಡಿಕೊಳ್ಳಬೇಡಿ.

ಇನ್ನು ಮೂಟೆ. ಹಸಿ ಹಣ್ಣಿನ ಒಂದು ಮೂಟೆ ಐವತ್ತರಿಂದ ಅರವತ್ತು ಕಿಲೋ ತೂಗುತ್ತದೆ. ಸ್ಪೋರ್ಟ್ಸ್‌ಮನ್ 570ರಂಥ ಗಾಡಿಯ ಹಿಂದಿನ ರ್‍ಯಾಕ್ ತಡೆಯುವುದು ಸುಮಾರು 80 ಕಿಲೋ, ಮುಂದಿನದು ಸುಮಾರು 40. ಅಂದರೆ ಹಿಂದೆ ಒಂದು ಮೂಟೆ, ಅಷ್ಟೇ. ಎರಡು ಹೇರಿದರೆ ಕಬ್ಬಿಣ ತಡೆಯಬಹುದು, ಆದರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಮಾತು ಕೇಳುವುದಿಲ್ಲ. 250 ಸಿಸಿ ಒಳಗಿನ ಸಣ್ಣ ಗಾಡಿಗಳಲ್ಲಿ ಅಷ್ಟೂ ಆಗುವುದಿಲ್ಲ.

ಟ್ರೇಲರ್ ಹಾಕಿದರೆ ಆಗುತ್ತದಲ್ಲಾ ಅಂತ ಎಲ್ಲರೂ ಕೇಳುತ್ತಾರೆ. ಸಮತಟ್ಟಿನಲ್ಲಿ ಆಗುತ್ತದೆ. ನಿಮ್ಮಲ್ಲಿ ಭಾರ ಇಳಿಯಬೇಕಾದದ್ದು ಮೇಲಿನಿಂದ ಕೆಳಕ್ಕೆ, ಅದನ್ನು ನೆನಪಿಡಿ. ಎಳೆಯುವ ಶಕ್ತಿ ನೋಡಿ ಗಾಡಿ ತೆಗೆದುಕೊಳ್ಳುತ್ತಾರೆ, ತಡೆಯುವ ಶಕ್ತಿ ಯಾರೂ ನೋಡುವುದಿಲ್ಲ. ಈ ಸಣ್ಣ ಟ್ರೇಲರ್‌ಗಳಿಗೆ ಬ್ರೇಕ್ ಇರುವುದಿಲ್ಲ. ನಾಲ್ಕು ಮೂಟೆ ಹೇರಿಕೊಂಡು ಇಬ್ಬನಿ ಬಿದ್ದ ಇಳಿಜಾರಿನಲ್ಲಿ ಬಂದರೆ ಹಿಂದಿನ ಭಾರವೇ ಗಾಡಿಯನ್ನು ತಳ್ಳುತ್ತದೆ. ತಿರುವಿನಲ್ಲಿ ಅಡ್ಡ ನಿಲ್ಲಿಸಿಬಿಡುತ್ತದೆ.

ಇಲ್ಲೇ ಇನ್ನೊಂದು ವಿಷಯ ಇದೆ. ದೊಡ್ಡ ಎಟಿವಿಗಳಲ್ಲಿ ಹೆಚ್ಚಿನವಕ್ಕೆ ಸ್ಕೂಟರಿನ ಹಾಗೆ ಬೆಲ್ಟ್ ಇರುತ್ತದೆ, ಗೇರು ಬದಲಿಸುವ ಕೆಲಸ ಇಲ್ಲ. ಕೆಲವು ಮಾದರಿಗಳಲ್ಲಿ ಆಕ್ಸಿಲರೇಟರ್ ಬಿಟ್ಟು ವೇಗ ಕಡಿಮೆ ಆದರೆ ಕ್ಲಚ್ ಬೆಲ್ಟನ್ನು ಬಿಟ್ಟುಬಿಡುತ್ತದೆ. ಆಗ ಎಂಜಿನ್ನೇ ಗಾಡಿಯನ್ನು ತಡೆಯುವ ಎಂಜಿನ್ ಬ್ರೇಕಿಂಗ್ ಇಲ್ಲ, ಗಾಡಿ ಸುಮ್ನೆ ಉರುಳುತ್ತದೆ. ಎಂಜಿನ್ ಬ್ರೇಕಿಂಗ್ ಇರುವ ಮಾದರಿಗಳೂ ಇವೆ. ಹೊಸದಾಗಲಿ ಹಳೆಯದಾಗಲಿ, ನಮ್ಮ ಮಲೆನಾಡಿನವರು ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಬಾಯಲ್ಲಿ ಕೇಳಿದರೆ ಸಾಲದು, ಓಡಿಸಿಯೇ ನೋಡಬೇಕು. ಒಂದು ಇಳಿಜಾರಿನಲ್ಲಿ ಲೋ ಗೇರಿಗೆ ಹಾಕಿ, ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಬ್ರೇಕ್ ಮೇಲೆ ಬೆರಳು ಇಟ್ಟುಕೊಂಡು ಇಳಿಯಿರಿ. ಗಾಡಿ ತಾನೇ ತಡೆದುಕೊಂಡರೆ ಮುಂದಿನ ಮಾತು. ವೇಗ ಏರುತ್ತಾ ಹೋದರೆ ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬೇಡ.

ಹಿಮದ ವಿಡಿಯೋ ಬಗ್ಗೆ ನೀವು ಹೇಳಿದ್ದು ಸರಿ. ಅಲ್ಲಿ ಮೈನಸ್ ಡಿಗ್ರಿಯಲ್ಲಿ ಬ್ಯಾಟರಿ ಏಳುವುದೇ ಕಷ್ಟ, ಹಿಮ ತಳ್ಳಬೇಕು, ಅದಕ್ಕೆ ತಕ್ಕ ಹಾಗೆ ಗಾಡಿ ಆರಿಸುತ್ತಾರೆ. ನಮ್ಮ ಚಳಿ ಎಂಜಿನ್‌ಗೆ ಲೆಕ್ಕಕ್ಕೇ ಇಲ್ಲ. ನಮಗೆ ತೊಂದರೆ ಕೊಡುವುದು ಬಿಸಿ. ಕುಯ್ಯುವವರ ಜೊತೆ ನಡೆಯುವ ವೇಗದಲ್ಲಿ ದಿನವಿಡೀ ಏರು ಹತ್ತುತ್ತೇವೆ. ರೇಡಿಯೇಟರ್ ಮುಂದೆಯೇ ಇರುತ್ತದೆ, ಅದರ ಸಂದಿಗಳಿಗೆ ಕೆಸರು ಮೆತ್ತಿಕೊಂಡು ಒಣಗುತ್ತದೆ. ಎಂಜಿನ್ ಬಿಸಿಯಾಗುವುದು ಹಾಗೆ. ಹೈ ಗೇರಿನಲ್ಲೇ ನಿಧಾನಕ್ಕೆ ಭಾರ ಎಳೆದರೆ ಬೆಲ್ಟ್ ಜಾರಿ ಸುಡುತ್ತದೆ, ಆ ವಾಸನೆ ಒಂದು ಸಲ ಮೂಗಿಗೆ ಬಡಿದರೆ ಮರೆಯುವುದಿಲ್ಲ. ತೋಟದೊಳಗೆ ಯಾವಾಗಲೂ ಲೋ ಗೇರ್. ಸಂಜೆ ಪೈಪಿನಲ್ಲಿ ಮೆತ್ತಗೆ ನೀರು ಬಿಟ್ಟು ರೇಡಿಯೇಟರ್ ತೊಳೆಯಬೇಕು. ಪ್ರೆಷರ್ ಪಂಪ್ ಹತ್ತಿರ ಹಿಡಿದರೆ ಅದರ ರೆಕ್ಕೆಗಳು ಮಡಚಿ ಹೋಗುತ್ತವೆ.

ಟೈರಿನ ವಿಷಯ ಯಾರೂ ಹೇಳುವುದಿಲ್ಲ, ಆದರೆ ಇಬ್ಬನಿಯಲ್ಲಿ ನಮ್ಮನ್ನು ಹಿಡಿದಿಡುವುದು ಅದೇ. ಹೆಚ್ಚಿನ ಎಟಿವಿ ಟೈರಿಗೆ ಬೇಕಾದದ್ದು ಐದರಿಂದ ಏಳು ಪಿಎಸ್‌ಐ ಗಾಳಿ. ಕಾರಿಗೆ ಮೂವತ್ತು ಹಾಕುವ ಅಂಗಡಿಯವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಅವರ ಗೇಜಿನಲ್ಲಿ ಅಷ್ಟು ಕೆಳಗಿನ ಅಂಕಿ ಸರಿಯಾಗಿ ತೋರಿಸುವುದೂ ಇಲ್ಲ. ಕಡಿಮೆ ಒತ್ತಡ ಅಳೆಯುವ ಸಣ್ಣ ಗೇಜು, ಸೈಕಲ್ ಪಂಪು ಮನೆಯಲ್ಲೇ ಇಟ್ಟುಕೊಳ್ಳಿ. ಗಾಳಿ ಜಾಸ್ತಿಯಾದರೆ ಟೈರು ಗಟ್ಟಿಯಾಗಿ ಕಲ್ಲಿನ ಮೇಲೆ ಪುಟಿಯುತ್ತದೆ, ಹಿಡಿತ ಇರುವುದಿಲ್ಲ.

ಕೊನೆಯದಾಗಿ ತೊಟ್ಟಿಲು ಗುಂಡಿ. ನಮ್ಮ ತೋಟಗಳಲ್ಲಿ ಸಾಲಿನ ನಡುವೆ ನೀರು ಇಂಗಲು ತೆಗೆದಿರುತ್ತೇವಲ್ಲ, ಅವು ಈ ಕಾಲಕ್ಕೆ ಒಣ ಎಲೆಯ ದರಗಿನಿಂದ ತುಂಬಿ ನೆಲದ ಮಟ್ಟಕ್ಕೇ ಕಾಣುತ್ತವೆ. ಪಕ್ಕದ ತೋಟದಲ್ಲಿ ಒಬ್ಬ ಹುಡುಗ ಹೀಗೇ ಒಂದು ಪಕ್ಕದ ಚಕ್ರ ಇಳಿಸಿ ಮಗುಚಿಕೊಂಡ. ಗಾಡಿ ಕಾಲ ಮೇಲೆ ಬಿತ್ತು. ಮುನ್ನೂರು ಕಿಲೋ ದಾಟುವ ಗಾಡಿ ಅದು, ಒಬ್ಬರೇ ಎತ್ತಿ ಹೊರಬರಲು ಆಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ ರೈತರು ಹೀಗೆ ಸತ್ತದ್ದು ನೋಡಿಯೇ 2021ರ ಅಕ್ಟೋಬರ್‌ನಿಂದ ಕೃಷಿಗೆ ಮಾರುವ ಹೊಸ ಎಟಿವಿಗೆ ಓಡಿಸುವವರ ಹಿಂದೆ ಒಂದು ರಕ್ಷಣಾ ಕಮಾನು ಕಡ್ಡಾಯ ಮಾಡಿದರು. ಮಗುಚಿದರೂ ಪೂರ್ತಿ ಭಾರ ಮೈ ಮೇಲೆ ಬೀಳದ ಹಾಗೆ ಅದು ತಡೆಯುತ್ತದೆ. ನಮ್ಮ ಗಾಡಿಗೆ ಅಂಥದ್ದು ಹಾಕಿಸಿದ್ದೇವೆ. ಎಟಿವಿ ಓಡುವ ದಾರಿ ಯಾವುದು ಅಂತ ಮೊದಲೇ ಗುರುತು ಮಾಡಿ, ಅದರ ಪಕ್ಕದ ಗುಂಡಿಗಳಿಗೆ ಗೂಟ ಹೊಡೆದು ಸುಣ್ಣ ಬಳಿದಿದ್ದೇವೆ. ಸಾಲಿನೊಳಗೆ ನುಗ್ಗಿಸುವುದಿಲ್ಲ. ದಾರಿಯಲ್ಲಿ ನಿಲ್ಲಿಸಿ ನಡೆದು ಹೋಗುತ್ತೇನೆ.

ಇಷ್ಟೆಲ್ಲಾ ಹೇಳಿಯೂ, ನನ್ನ ಕೈಯಿಂದ ಆ ಗಾಡಿ ಕಸಿದುಕೊಳ್ಳಲು ಬಂದರೆ ಕೊಡುವುದಿಲ್ಲ. ಬೆಳಿಗ್ಗೆ ಮೂರು ಕಡೆ ಕುಯ್ಲು ನಡೆಯುತ್ತಿದ್ದರೆ ಮೂರೂ ಕಡೆ ಹೋಗಿ, ಹಸಿರು ಕಾಯಿ ಬೆರೆಸುತ್ತಿದ್ದಾರಾ ನೋಡಿ, ನೀರು, ಕಾಫಿ ತಲುಪಿಸಿ ಬರಬಹುದು. ನಡೆದು ಹೋಗುತ್ತಿದ್ದ ಕಾಲದಲ್ಲಿ ಒಂದು ಕಡೆ ಹೋದರೆ ಇನ್ನೊಂದು ಕಡೆ ಬಿಟ್ಟುಹೋಗುತ್ತಿತ್ತು.

ಹಾಸನ ಗ್ಯಾರೇಜು:

ಮೇಡಂ ಹೇಳಿದ್ದರಲ್ಲಿ ಒಂದಕ್ಷರ ತೆಗೆಯುವ ಹಾಗಿಲ್ಲ. ನಾನು ಜೀಪು, ಟ್ರ್ಯಾಕ್ಟರ್ ಕೆಲಸ ಮಾಡುವವನು. ಎಸ್ಟೇಟ್‌ಗಳಿಂದ ಎಟಿವಿಯೂ ಬರುತ್ತವೆ. ಸೆಕೆಂಡ್ ಹ್ಯಾಂಡ್ ನೋಡಲು ಹೋಗುವವರಿಗೆ ಸ್ವಲ್ಪ ಹೇಳುತ್ತೇನೆ.

ರೆಸಾರ್ಟ್ ಗಾಡಿ ಅಂದಿರಿ. ಮೀಟರಿನಲ್ಲಿ ಕಿಲೋಮೀಟರ್ ಜೊತೆ ಗಂಟೆಯ ಲೆಕ್ಕವೂ ಇದ್ದರೆ ಎರಡನ್ನೂ ಬರೆದುಕೊಳ್ಳಿ. ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿ. ಗಂಟೆಗೆ ಐದಾರು ಕಿಲೋಮೀಟರ್ ಬಂದರೆ ಆ ಗಾಡಿ ಹೆಚ್ಚು ಹೊತ್ತು ನಿಂತಲ್ಲೇ ಉರಿದಿದೆ, ಇಲ್ಲ ತೆವಳಿದೆ. ಕಿಲೋಮೀಟರ್ ಕಡಿಮೆ ಇದೆ ಅಂತ ಮಾರುವವರು ಖುಷಿಯಿಂದ ಹೇಳುತ್ತಾರೆ, ಎಂಜಿನ್ ಸವೆದಿರುವುದು ಗಂಟೆಯ ಲೆಕ್ಕದಲ್ಲಿ. ರೆಸಾರ್ಟಿನಲ್ಲಿ ದಿನಕ್ಕೊಬ್ಬ ಹೊಸಬ ಓಡಿಸುತ್ತಾನೆ. ಬ್ರೇಕ್ ಹಿಡಿದುಕೊಂಡೇ ಆಕ್ಸಿಲರೇಟರ್ ಕೊಡುತ್ತಾರೆ, ಬೆಲ್ಟು ಕ್ಲಚ್ಚು ಎರಡೂ ಸಾಯುತ್ತವೆ. ಒಬ್ಬನೇ ಓಡಿಸಿದ ತೋಟದ ಗಾಡಿ ಸಿಕ್ಕರೆ ಇಪ್ಪತ್ತು ಮೂವತ್ತು ಸಾವಿರ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ.

ಮಲಗಿ ಕೆಳಗೆ ನೋಡಿ. ಚಕ್ರಕ್ಕೆ ಹೋಗುವ ಆಕ್ಸಲ್ ತುದಿಯಲ್ಲಿ ರಬ್ಬರ್ ಬೂಟು ಇರುತ್ತದೆ. ಹರಿದಿದ್ದರೆ ಒಳಗೆ ಕೆಸರು ಹೋಗಿ ಜಾಯಿಂಟ್ ತಿಂದಿರುತ್ತದೆ. ಹ್ಯಾಂಡಲ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಓಡಿಸಿ, ಕಟಕಟ ಅಂದರೆ ಜಾಯಿಂಟ್ ಹೋಗಿದೆ. ಹೊಸ ಬೂಟು ಹಾಕಿ ಗ್ರೀಸ್ ತುಂಬಿಸಿ ಕೊಟ್ಟರೂ ಆ ಶಬ್ದ ಹೋಗುವುದಿಲ್ಲ. ಜಾಕ್ ಕೊಟ್ಟು ಒಂದೊಂದೇ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ಇಲ್ಲ ಬಾಲ್ ಜಾಯಿಂಟ್.

ಎಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿ. ಹಾಲು ಬೆರೆಸಿದ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ, ಗಾಡಿಯನ್ನು ಹಳ್ಳದಲ್ಲಿ ಮುಳುಗಿಸಿರುತ್ತಾರೆ. ಏರ್ ಫಿಲ್ಟರ್ ಡಬ್ಬಿ ತೆರೆಸಿ. ಫಿಲ್ಟರ್ ಹೊಸದು ಹಾಕಿರಬಹುದು, ಅದರಿಂದಾಚೆ ಎಂಜಿನ್ ಕಡೆಗೆ ಹೋಗುವ ಕೊಳವೆಯೊಳಗೆ ಬೆರಳು ಹಾಕಿ ಒರೆಸಿ. ಧೂಳು ಬಂದರೆ ಅದು ಪಿಸ್ಟನ್‌ವರೆಗೂ ಹೋಗಿದೆ. ಬೆಲ್ಟ್ ಡಬ್ಬಿಯ ಕೆಳಗೆ ನೀರು ಬಿಡುವ ಬಿರಡೆ ಇರುತ್ತದೆ, ಅದನ್ನೂ ತೆಗೆದು ನೋಡಿ. ಬೆಲ್ಟಿಗೆ ನೀರು ತಾಗಿದರೆ ಜಾರುತ್ತದೆ. ನಿಮ್ಮಲ್ಲಿ ಹಳ್ಳ ದಾಟಬೇಕಲ್ವಾ, ಅದಕ್ಕೇ ಹೇಳಿದೆ.

ನೋಡಿದ ಮೇಲೆ ಒಂದು ಕೆಲಸ. ಆ ಗಾಡಿಯ ಬೆಲ್ಟು, ಬ್ರೇಕ್ ಪ್ಯಾಡು, ಒಂದು ಆಕ್ಸಲ್ ಬೂಟು, ಈ ಮೂರು ಸಾಮಾನಿಗೆ ಖರೀದಿಗೆ ಮೊದಲೇ ಫೋನ್ ಮಾಡಿ ಕೇಳಿ. ಎಷ್ಟು ದಿನಕ್ಕೆ ಬರುತ್ತದೆ, ಎಷ್ಟು ದುಡ್ಡು. ಹೆಸರು ಕೇಳದ ಕಂಪನಿಯ ಚೀನಾ ಗಾಡಿಗಳಲ್ಲಿ ಸಿಕ್ಕಿಬೀಳುವುದು ಇಲ್ಲೇ. ಡಿಸೆಂಬರ್‌ನಲ್ಲಿ ಬೆಲ್ಟ್ ತುಂಡಾಗಿ ಫೆಬ್ರವರಿಯಲ್ಲಿ ಸಾಮಾನು ಬಂದರೆ ಕುಯ್ಲು ಮುಗಿದಿರುತ್ತದೆ.

ಬಣಕಲ್ ತೋಟ:

ಮೇಡಂ, ಅಣ್ಣಂದಿರೇ, ತುಂಬಾ ಉಪಕಾರ ಆಯಿತು. ಇಳಿಯುವ ಭಾರದ ಬಗ್ಗೆ ನಾನು ಓದಿದ ಯಾವ ಕಡೆಯೂ ಯಾರೂ ಬರೆದಿರಲಿಲ್ಲ. ರೆಸಾರ್ಟಿನವರಿಗೆ ಫೋನ್ ಮಾಡಿದೆ. ಬಿಲ್ಲಿನ ಫೋಟೋ ಕಳಿಸಿ ಅಂದೆ, ಮ್ಯಾನೇಜರ್ ಊರಲ್ಲಿಲ್ಲ ಅಂದರು. ಅದನ್ನು ಬಿಟ್ಟೆ.

ಈಗ ಜೀಪಿನ ಕಡೆ ಮನಸ್ಸು ವಾಲುತ್ತಿದೆ. ಅಮ್ಮ, ಮೂಟೆ ಎರಡೂ ಅದರಲ್ಲಿ ಆಗುತ್ತದೆ, ಪಂಚಾಯಿತಿ ರಸ್ತೆಯ ಚಿಂತೆಯೂ ಇಲ್ಲ. ಆದರೆ ಅಷ್ಟು ಹಳೆಯ ಗಾಡಿಗೆ ದುಡ್ಡು ಹಾಕುವುದು ಸರಿಯಾ? ತಮ್ಮ ಮಹೀಂದ್ರಾದ ಹೊಸ ಥಾರ್ ಜೀಪು ತೆಗೆದುಕೊ ಅನ್ನುತ್ತಾನೆ. ಮೂಟೆ ಹೇರುವುದಕ್ಕೆ ಥಾರ್ ಅಂದರೆ ನನಗೆ ಮನಸ್ಸು ಬರುತ್ತಿಲ್ಲ. ಮಿನಿ ಟ್ರ್ಯಾಕ್ಟರ್ ಬಗ್ಗೆಯೂ ಒಬ್ಬರು ಹೇಳಿದರು.

ಹಾಸನ ಗ್ಯಾರೇಜು:

ಎಂಎಂ 540ರಲ್ಲಿ ಮೊದಲು ಬಂದದ್ದು ಪೂಜೋ ಡೀಸೆಲ್ ಎಂಜಿನ್, 2112 ಸಿಸಿ. ಸರಳ ಎಂಜಿನ್, ಕರೆಂಟಿನ ತಂಟೆ ಕಡಿಮೆ. ನಮ್ಮ ಎರಡೂ ಜಿಲ್ಲೆಯಲ್ಲಿ ಅದನ್ನು ಬಿಚ್ಚಿ ಕಟ್ಟುವ ಮೇಸ್ತ್ರಿಗಳು ಇನ್ನೂ ಇದ್ದಾರೆ. ಹಾಗಾಗಿ ಎಂಜಿನ್ ಹೊಗೆ ಬಿಡುತ್ತದೆ ಅಂತ ಹೆದರಬೇಡಿ, ಅದನ್ನು ಮಾಡಿಸಬಹುದು. ಹೆದರಬೇಕಾದದ್ದು ಚಾಸಿಗೆ. ಸ್ಪ್ರಿಂಗ್ ಪಟ್ಟಿ ಕೂರುವ ಬ್ರಾಕೆಟ್‌ಗಳ ಹತ್ತಿರ ಸುತ್ತಿಗೆಯಿಂದ ಬಡಿದು ನೋಡಿ. ಟಣ್ ಅಂದರೆ ಸರಿ, ದಬ್ ಅಂದರೆ ಒಳಗೆ ತುಕ್ಕು ತಿಂದಿದೆ. ಹೊಸದಾಗಿ ದಪ್ಪಗೆ ಕಪ್ಪು ಬಣ್ಣ ಬಳಿದಿದ್ದರೆ ಇನ್ನೂ ಜೋರಾಗಿ ಬಡಿಯಿರಿ.

ಫೋರ್ ವೀಲ್ ಲೋಗೆ ಹಾಕಿ, ಮುಂದಿನ ಚಕ್ರಕ್ಕೆ ಲಾಕಿಂಗ್ ಹಬ್ ಇದ್ದರೆ ಲಾಕ್ ಮಾಡಿ ಏರು ಹತ್ತಿಸಿ. ನಡುವೆ ಲಿವರ್ ಹೊರಗೆ ಹಾರಿದರೆ ಟ್ರಾನ್ಸ್‌ಫರ್ ಕೇಸಿನ ಹಲ್ಲು ಸವೆದಿದೆ. ಅದೇ ಗೇರಿನಲ್ಲಿ ಇಳಿಸಿಯೂ ನೋಡಿ. ಡೀಸೆಲ್ ಜೀಪು ಫಸ್ಟ್ ಗೇರ್ ಲೋನಲ್ಲಿ ಇಳಿಯುವಾಗ ಬ್ರೇಕ್ ಮುಟ್ಟದೆಯೇ ಹಿಡಿದುಕೊಳ್ಳುತ್ತದೆ, ಮೇಡಂ ಹೇಳಿದ ತಡೆಯುವ ಶಕ್ತಿ ಅದೇ. ಮುಂದಿನ ಚಕ್ರದ ಒಳಗಡೆ ಗ್ರೀಸ್ ಸೋರಿ ಒದ್ದೆಯಾಗಿದ್ದರೆ ಸೀಲ್ ಬದಲಿಸಬೇಕು, ಅದು ದೊಡ್ಡ ಖರ್ಚಲ್ಲ.

ಮಿನಿ ಟ್ರ್ಯಾಕ್ಟರ್ ಬಗ್ಗೆ: ಬರೀ ಮೂಟೆ ಇಳಿಸಲು, ಔಷಧಿ ಹೊಡೆಯಲು, ಸ್ಪ್ರಿಂಕ್ಲರ್ ಪೈಪು ಸಾಗಿಸಲು ಆದರೆ ಫೋರ್ ವೀಲ್ ಮಿನಿ ಟ್ರ್ಯಾಕ್ಟರ್ ಒಳ್ಳೆಯದು. ಸಬ್ಸಿಡಿ ಬಗ್ಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಅಮ್ಮನನ್ನು ಕರೆದುಕೊಂಡು ಹೋಗಲು ಮಾತ್ರ ಅದು ಆಗುವುದಿಲ್ಲ. ಥಾರ್ ಒಳ್ಳೆಯ ಗಾಡಿ, ಫೋರ್ ವೀಲ್ ಲೋ ಇರುವ ಮಾದರಿ ನಿಮ್ಮ ಏರು ಆರಾಮಾಗಿ ಹತ್ತುತ್ತದೆ. ಹಸಿ ಹಣ್ಣಿನ ರಸ ಅದರ ಒಳಗೆಲ್ಲಾ ಇಳಿಯುವುದನ್ನು ನೋಡುವ ಧೈರ್ಯ ಇದ್ದರೆ ತೆಗೆದುಕೊಳ್ಳಿ.

ಆಲ್ದೂರು ಕಡೆಯವನು:

ಜೀಪಿನ ಕಾಗದವನ್ನೂ ಹೇಳಿಬಿಡುತ್ತೇನೆ. ಸ್ವಂತ ಬಳಕೆಯ ಗಾಡಿಗೆ ಹದಿನೈದು ವರ್ಷ ಆದ ಮೇಲೆ ನೋಂದಣಿ ನವೀಕರಣ ಆಗಿರಬೇಕು, ಆಮೇಲೆ ಐದೈದು ವರ್ಷಕ್ಕೆ. ಹಸಿರು ತೆರಿಗೆ ಬೇರೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇಪ್ಪತ್ತು ವರ್ಷ ದಾಟಿದ ಕಾರು, ಜೀಪಿನಂಥ ಲಘು ವಾಹನದ ನವೀಕರಣ ಶುಲ್ಕವನ್ನು 10,000 ರೂಪಾಯಿಗೆ ಏರಿಸಿತು. ಮಾರುವವರು ಇನ್ನೂ ನವೀಕರಿಸಿಲ್ಲದಿದ್ದರೆ ಆ ಖರ್ಚು ಬೆಲೆಯಲ್ಲಿ ಕಳೆಯಿರಿ. ಇನ್ನೂ ಒಳ್ಳೆಯದೆಂದರೆ ಅವರೇ ಗಾಡಿ ಓಡಲು ಯೋಗ್ಯ ಅನ್ನುವ ಎಫ್‌ಸಿ ಮಾಡಿಸಿ ಕೊಡಲಿ.

ಆರ್‌ಸಿಯಲ್ಲಿರುವ ಎಂಜಿನ್ ನಂಬರ್, ಗಾಡಿಯಲ್ಲಿರುವುದು ತಾಳೆ ನೋಡಿ. ಹಳೇ ಜೀಪುಗಳಲ್ಲಿ ಎಂಜಿನ್ ಬದಲಾಗಿರುವುದು ಜಾಸ್ತಿ. ಬದಲಿಸಿದ್ದು ಆರ್‌ಸಿಯಲ್ಲಿ ನಮೂದಾಗಿಲ್ಲ ಅಂದರೆ ನವೀಕರಣಕ್ಕೆ ಹೋದಾಗ ಅಲ್ಲೇ ನಿಲ್ಲುತ್ತದೆ. ಕೆಎ 18 ಅಂದರೆ ನಿಮ್ಮದೇ ಚಿಕ್ಕಮಗಳೂರು ಆರ್‌ಟಿಒ ಕಚೇರಿ, ಬೇರೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರುವ ಎನ್‌ಒಸಿ ಓಡಾಟ ಇಲ್ಲ. ಫಾರಂ 29, 30 ಸಹಿ ಹಾಕಿಸಿಕೊಂಡು ತಡಮಾಡದೆ ಹೆಸರು ಬದಲಿಸಿಕೊಳ್ಳಿ. ಪರಿಚಯದವರು ಅಂತ ಹಾಗೇ ಬಿಡಬೇಡಿ.

ಹಾನುಬಾಳು ತೋಟದಾಕೆ:

ನಿಮ್ಮ ಸ್ಥಿತಿಯಲ್ಲಿ ನಾನಾಗಿದ್ದರೆ ಈ ವರ್ಷ ಜೀಪು ತೆಗೆದುಕೊಳ್ಳುತ್ತಿದ್ದೆ. ಉಳಿದ ದುಡ್ಡಿನಲ್ಲಿ ಆ ನೆರಳಿನ ಏರಿಗೆ ಎರಡು ಗಾಲಿಪಟ್ಟಿ ಕಾಂಕ್ರೀಟ್, ಅಂದರೆ ಚಕ್ರ ಓಡುವ ಕಡೆ ಮಾತ್ರ ಉದ್ದಕ್ಕೆ ಎರಡು ಪಟ್ಟಿ, ಹಾಕಿಸುತ್ತಿದ್ದೆ. ಪೂರ್ತಿ ದಾರಿಗೆ ಬೇಡ, ಜಾರುವ ಜಾಗಕ್ಕೆ ಮಾತ್ರ, ಮೇಲ್ಮೈ ನುಣ್ಣಗೆ ಮಾಡದೆ ಅಡ್ಡ ಗೀರು ಹಾಕಿಸಿ. ಪಕ್ಕದಲ್ಲಿ ಚರಂಡಿ ಬಿಡಿಸಿ. ಎಷ್ಟೋ ಸಲ ಗಾಡಿಗೆ ಹಾಕುವ ದುಡ್ಡಿನ ಸ್ವಲ್ಪ ಭಾಗ ದಾರಿಗೆ ಹಾಕಿದರೆ ಸಾಕಾಗುತ್ತದೆ.

ಎಟಿವಿ ಆಸೆ ಬಿಡಬೇಡಿ. ಒಂದೆರಡು ವರ್ಷ ಬಿಟ್ಟು, ಒಬ್ಬರೇ ಓಡಿಸಿದ ತೋಟದ ಗಾಡಿ ಬಿಲ್ಲಿನ ಸಮೇತ ಸಿಕ್ಕಾಗ ತೆಗೆದುಕೊಳ್ಳಿ. ಆಗಲೂ ನಿಮ್ಮ ಓಡಾಟಕ್ಕೆ ಮಾತ್ರ. ಹೆಲ್ಮೆಟ್ ಹಾಕಿಯೇ ಓಡಿಸಿ, ತೋಟದೊಳಗೆ ತಾನೇ ಅಂತ ಬಿಡಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಕೀ ಅವರ ಕೈಗೆ ಸಿಗದ ಕಡೆ ಇರಲಿ. ದೊಡ್ಡ ಎಟಿವಿಗಳ ಮೇಲೆ ಹದಿನಾರು ವರ್ಷದೊಳಗಿನವರು ಓಡಿಸಬಾರದು ಅಂತ ಕಂಪನಿಯವರೇ ಚೀಟಿ ಅಂಟಿಸಿರುತ್ತಾರೆ.

ಆನೆ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ, ಆಲೂರು, ಬೇಲೂರು, ಮೂಡಿಗೆರೆ, ಎಲ್ಲಾ ಕಡೆ ಈಗ ಅದೇ ಕಥೆ. ನಡೆದು ಹೋಗುವಾಗ ಕೊಂಬೆ ಮುರಿಯುವ ಸದ್ದು ಕೇಳುತ್ತದೆ, ವಾಸನೆ ಬರುತ್ತದೆ. ಎಟಿವಿ ಮೇಲೆ ಎಂಜಿನ್ ಸದ್ದಿನಲ್ಲಿ ಏನೂ ಕೇಳುವುದಿಲ್ಲ, ಸುತ್ತ ಮರೆಯೂ ಇಲ್ಲ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಮೆಸೇಜ್ ಕಳಿಸುವ ವಾಟ್ಸಾಪ್ ಗುಂಪಿಗೆ ಸೇರಿಕೊಳ್ಳಿ. ನಾನು ಬೆಳಿಗ್ಗೆ ಅದನ್ನು ನೋಡದೆ ಗಾಡಿ ತೆಗೆಯುವುದಿಲ್ಲ, ಇಬ್ಬನಿ ಕರಗಿ ದೂರ ಕಾಣುವವರೆಗೂ ಹೊರಡುವುದಿಲ್ಲ. ತಿರುವಿಗೆ ಮೊದಲು ಎಂಜಿನ್ ನಿಲ್ಲಿಸಿ ಒಂದು ನಿಮಿಷ ಕಿವಿಗೊಟ್ಟು ಮುಂದೆ ಹೋಗುತ್ತೇನೆ.

ಬಣಕಲ್ ತೋಟ:

ಗಾಲಿಪಟ್ಟಿ ಕಾಂಕ್ರೀಟ್ ಹೊಳೆದೇ ಇರಲಿಲ್ಲ ಮೇಡಂ. ಜಾರುವ ಜಾಗ ಒಂದೇ ಇರುವುದು, ಅಳತೆ ಮಾಡಿಸುತ್ತೇನೆ. ಭಾನುವಾರ ಜೀಪು ನೋಡಲು ಹೋಗುತ್ತಿದ್ದೇನೆ. ಸುತ್ತಿಗೆ ತೆಗೆದುಕೊಂಡು ಹೋಗುತ್ತೇನೆ, ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ. ಹತ್ತಿ ಇಳಿಯಲು ಅವರಿಗೆ ಆಗುತ್ತದಾ ಅಂತ ಅಲ್ಲೇ ಗೊತ್ತಾಗಲಿ. ಬೇರೇನಾದರೂ ನೋಡಬೇಕಾ?

ಹಾಸನ ಗ್ಯಾರೇಜು:

ಬೆಳಿಗ್ಗೆಯೇ ಹೋಗಿ, ಎಂಟು ಗಂಟೆ ಒಳಗೆ. ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿಡಿ. ಹೋದ ತಕ್ಷಣ ಬಾನೆಟ್ ಎತ್ತಿ ಎಂಜಿನ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ನಿಮಗಾಗಿ ಮೊದಲೇ ಎಬ್ಬಿಸಿ ಇಟ್ಟಿದ್ದಾರೆ, ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿದ್ದರೆ ನೀವೇ ಕೀ ತಿರುಗಿಸಿ. ಈ ಚಳಿಯಲ್ಲಿ ತಳ್ಳದೆ ಎದ್ದರೆ ಪಂಪು, ನಾಜಲ್ ಸರಿಯಿದೆ ಅಂತಲೇ ಲೆಕ್ಕ. ಅಮ್ಮನಿಗೆ ಪಕ್ಕದಲ್ಲಿ ಒಂದು ಕಾಲಿಡುವ ಮೆಟ್ಟಿಲು ಬೆಸುಗೆ ಹಾಕಿಸಿದರೆ ಆಯಿತು, ಹಾಸನಕ್ಕೆ ಬಂದರೆ ಅಳತೆ ತನ್ನಿ, ನಾನು ಮಾಡಿಕೊಡುತ್ತೇನೆ.